ಬಿಳಿ ಕಲ್ಲು: ಅಮೃತಶಿಲೆಯೋ ಕ್ವಾರ್ಟ್‌ಜೈಟೋ?

ಬಿಳಿ ಕಲ್ಲಿನ ಬಣ್ಣ ನೋಡಿ ಅದರ ಹೆಸರು ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಮೃತಶಿಲೆ, ಕ್ವಾರ್ಟ್‌ಜೈಟ್ ಎರಡೂ ರೂಪಾಂತರ ಶಿಲೆಗಳೇ. ಎರಡೂ ಕಲ್ಲುಸಕ್ಕರೆಯಂತೆ ಮಿನುಗುತ್ತವೆ, ಎರಡರಲ್ಲೂ ಸಾಮಾನ್ಯವಾಗಿ ಹಾಳೆಹಾಳೆಯಾಗಿ ಏಳುವ ಪದರ ಕಾಣುವುದಿಲ್ಲ. ತೂಗಿ ನೋಡಿದರೂ ಪ್ರಯೋಜನವಿಲ್ಲ: ಅಮೃತಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಸಾಂದ್ರತೆ 2.71, ಕ್ವಾರ್ಟ್‌ಜೈಟಿನ ಮುಖ್ಯ ಖನಿಜವಾದ ಬೆಣಚಿನದು (ಕ್ವಾರ್ಟ್ಜ್) 2.65. ಹುಟ್ಟು ಮಾತ್ರ ಬೇರೆ. ಸುಣ್ಣದಕಲ್ಲು ಶಾಖ, ಒತ್ತಡಕ್ಕೆ ಸಿಕ್ಕಿ ಅಮೃತಶಿಲೆಯಾಗುತ್ತದೆ. ಬೆಣಚೇ ತುಂಬಿದ ಮರಳುಗಲ್ಲು ಕ್ವಾರ್ಟ್‌ಜೈಟ್ ಆಗುತ್ತದೆ.

ಮೊದಲು ಸುತ್ತಿಗೆಯಿಂದ ಒಂದು ಮೂಲೆ ಒಡೆಯುತ್ತೇನೆ, ಕಣ್ಣಿಗೆ ಕನ್ನಡಕ ಕಡ್ಡಾಯ. ಕ್ವಾರ್ಟ್‌ಜೈಟಿನ ಚೂರು ಗಾಜಿನಷ್ಟೇ ಹರಿತವಾಗಿ ಸಿಡಿಯುತ್ತದೆ. ಮಳೆಬಿಸಿಲಿಗೆ ಹಳತಾದ ಮೈಯನ್ನು ಪರೀಕ್ಷಿಸುವುದು ದಂಡ. ಹೊಸ ಒಡಕನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಡಿ ಹಿಡಿದು ಬೆಳಕಿಗೆ ನಿಧಾನವಾಗಿ ಓರೆ ಮಾಡಬೇಕು. ಅಮೃತಶಿಲೆಯಾದರೆ ಚಪ್ಪಟೆ ಮುಖಗಳು ಒಂದೊಂದಾಗಿ ಪುಟ್ಟ ಕನ್ನಡಿಯಂತೆ ಫಳ್ಳೆಂದು ಹೊಳೆದು ಆರುತ್ತವೆ. ಕ್ಯಾಲ್ಸೈಟ್ ಮೂರು ದಿಕ್ಕಿನಲ್ಲಿ ನಯವಾಗಿ ಸೀಳುವುದೇ ಕಾರಣ. ಬೆಣಚಿಗೆ ಆ ಸೀಳುಗುಣವಿಲ್ಲ. ಕ್ವಾರ್ಟ್‌ಜೈಟಿನ ಒಡಕು ಕಣಗಳನ್ನು ಸುತ್ತಿ ಹೋಗದೆ ಕಣಗಳನ್ನೇ ಸೀಳಿಕೊಂಡು ಹೋಗಿರುತ್ತದೆ, ಮೈ ಜಿಡ್ಡು ಸವರಿದಂತೆ ಕಾಣುತ್ತದೆ. ಕಣಗಳು ಉದುರಿ ಬೆರಳಿಗೆ ಮರಳು ಹತ್ತಿದರೆ ಅದು ಇನ್ನೂ ಮರಳುಗಲ್ಲೇ.

ಆಮೇಲೆ ಉಕ್ಕಿನ ಚಾಕು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ಯಾಲ್ಸೈಟ್ 3, ಚಾಕು ಸುಮಾರು 5.5, ಬೆಣಚು 7. ಎಡವುವುದು ಇಲ್ಲೇ: ಕ್ವಾರ್ಟ್‌ಜೈಟಿನ ಮೇಲೆ ಚಾಕು ಎಳೆದಾಗಲೂ ಗೆರೆ ಮೂಡುತ್ತದೆ, ಬೂದು ಬಣ್ಣದ್ದು. ಅದು ಕಲ್ಲಿನ ಗೀರಲ್ಲ, ಚಾಕುವೇ ಸವೆದು ಬಿಟ್ಟ ಲೋಹ. ಒದ್ದೆ ಬೆರಳಿನಿಂದ ಒರೆಸಿ ಉಗುರಾಡಿಸಿದರೆ ತಗ್ಗೇ ಸಿಗುವುದಿಲ್ಲ. ಅಮೃತಶಿಲೆಯ ಗೀರಿನಲ್ಲಿ ಬಿಳಿ ಹುಡಿ ಏಳುತ್ತದೆ, ಉಗುರು ತಡೆಯುತ್ತದೆ.

ಕೊನೆಗೆ ಆಮ್ಲ. ಶೇ. 10ರಷ್ಟು ಹೈಡ್ರೋಕ್ಲೋರಿಕ್ ಆಮ್ಲ ಸಾಕು. ಶೇ. 37ರ ಗಾಢ ಆಮ್ಲವಿದ್ದರೆ 3 ಪಾಲು ನೀರಿಗೆ 1 ಪಾಲು ಆಮ್ಲವನ್ನು ನಿಧಾನವಾಗಿ ಸುರಿಯುತ್ತೇನೆ. ಆಮ್ಲಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಎರಚೀತು. ಕೈಗವಸು ಬೇಕು, ಗಾಳಿಯಾಡುವ ಜಾಗವೂ ಬೇಕು. ಒಂದೇ ಹನಿ ಬಿದ್ದರೆ ಕ್ಯಾಲ್ಸೈಟ್ ಬುರಬುರನೆ ನೊರೆಗಟ್ಟುತ್ತದೆ, ಹೊರಬರುವುದು ಇಂಗಾಲದ ಡೈಆಕ್ಸೈಡ್. ಬೆಣಚಿನ ಮೇಲೆ ಹನಿ ಸುಮ್ಮನೆ ಕೂರುತ್ತದೆ.

ನೊರೆ ಬರಲಿಲ್ಲವೆಂದು ಕೂಡಲೇ ಕ್ವಾರ್ಟ್‌ಜೈಟ್ ಎಂದು ಬರೆದುಕೊಂಡರೆ ಕೆಟ್ಟಿತು. ಕ್ಯಾಲ್ಸೈಟಿನ ಬದಲು ಡಾಲಮೈಟ್ ಎಂಬ ಮೆಗ್ನೀಸಿಯಂ ಇರುವ ಖನಿಜ ತುಂಬಿದ ಅಮೃತಶಿಲೆ ತಣ್ಣನೆಯ ಆಮ್ಲಕ್ಕೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಅದೇ ಜಾಗವನ್ನು ಚಾಕುವಿನಿಂದ ಕೆರೆದು ಹುಡಿಯ ಮೇಲೆ ಹನಿ ಬಿಟ್ಟು ಲೆನ್ಸಿನಲ್ಲಿ ನೋಡಿದರೆ ಸಣ್ಣ ಗುಳ್ಳೆಗಳು ಮೆಲ್ಲನೆ ಏಳುತ್ತವೆ. ವ್ಯಾಪಾರದಲ್ಲಿ ‘ಮೆದು ಕ್ವಾರ್ಟ್‌ಜೈಟ್’ ಎಂದು ಮಾರುವ ಎಷ್ಟೋ ಚಪ್ಪಡಿಗಳು ಈ ಜಾತಿಯವೇ. ಆ ಹೆಸರು ನನಗೆ ಒಪ್ಪಿಗೆಯಿಲ್ಲ, ಬೆಣಚು ಮೆದುವಾಗಲು ಸಾಧ್ಯವಿಲ್ಲ. ಪಾಲಿಶ್ ಮಾಡಿದ ಚಪ್ಪಡಿಗೆ ಸೀಲರ್ ಬಳಿದಿದ್ದರೆ ಆಮ್ಲ ಕಲ್ಲನ್ನೇ ಮುಟ್ಟದು, ಹಾಗಾಗಿ ಪಾಲಿಶ್ ಇಲ್ಲದ ಹಿಂಬದಿಯಲ್ಲಿ ಪರೀಕ್ಷಿಸುತ್ತೇನೆ.

ಚಾಕು ಜಾರಿಯೂ ನೊರೆ ಬಂದರೆ ಬಹುಶಃ ಹನಿ ಬಿದ್ದದ್ದು ಕ್ವಾರ್ಟ್‌ಜೈಟಿನ ಬಿರುಕಿನಲ್ಲಿ ಕೂತ ಕ್ಯಾಲ್ಸೈಟಿನ ಎಳೆಯ ಮೇಲೆ. ಕಲ್ಲು ತೊಳೆದು, ಒರೆಸಿ, ಎರಡು ಬೆರಳು ಆಚೆಗೆ ಇನ್ನೊಂದು ಹನಿ ಬಿಡುತ್ತೇನೆ.