ಪೆಪ್ ಮಾತ್ರೆಯ 28 ದಿನ: ಅಡ್ಡಪರಿಣಾಮ ಕಂಡರೆ ಏನು ಮಾಡಬೇಕು?

ವಾರ್ಡಿನಲ್ಲಿ ಬಳಸಿದ ಸೂಜಿ ಚುಚ್ಚಿರಬಹುದು, ಕಾಂಡೋಮ್ ಹರಿದಿರಬಹುದು, ಅತ್ಯಾಚಾರ ನಡೆದಿರಬಹುದು. ಎಚ್‌ಐವಿ ತಗುಲುವ ಅಪಾಯವಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಚ್‌ಐವಿ ದೇಹದಲ್ಲಿ ನೆಲೆಯೂರದಂತೆ ತಡೆಯುವ ಪೆಪ್ ಮಾತ್ರೆ ಘಟನೆಯಾದ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧ ಕೊಡುತ್ತಾರೆ. ದಿನಕ್ಕೊಮ್ಮೆ, 28 ದಿನ.

ಮೊದಲ ಭೇಟಿಯಲ್ಲೇ ಎಲ್ಲ ಹೇಳಿಬಿಡಿ: ಕಿಡ್ನಿ ತೊಂದರೆ, ಗರ್ಭ, ಟಿಬಿ ಮಾತ್ರೆ, ಶುಗರ್ ಮಾತ್ರೆ. ಡೊಲುಟೆಗ್ರಾವಿರ್ ಜೊತೆ ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್ ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ, ಅದರ ಪ್ರಮಾಣ ಇಳಿಸಬೇಕಾಗಬಹುದು. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಬಿಡಬೇಡಿ. ಆ ಸೋಂಕು ಇದ್ದವರು ಪೆಪ್ ನಿಲ್ಲಿಸಿದಾಗ ಲಿವರ್ ಕೆರಳಬಹುದು.

ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ತಲೆನೋವು, ಭೇದಿ, ಸುಸ್ತು ಬರಬಹುದು. ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಊಟದ ನಂತರ ಮಾತ್ರೆ ತೆಗೆದುಕೊಳ್ಳಿ. ಗಂಜಿ, ಮಜ್ಜಿಗೆ ಅನ್ನದಂಥ ಹಗುರ ಊಟ ಮಾಡಿ. ರಾತ್ರಿ ನಿದ್ದೆ ಬರದಿದ್ದರೆ ಬೆಳಗಿನ ಹೊತ್ತಿಗೆ ಬದಲಿಸಬಹುದೇ ಎಂದು ಕೇಳಿ.

ಇಲ್ಲೊಂದು ಎಚ್ಚರಿಕೆ. ಹೊಟ್ಟೆ ಉರಿ ಅಂತ ಸುಮ್ನೆ ಅಂಗಡಿಯಿಂದ ಆ್ಯಂಟಾಸಿಡ್ ತಂದು ಕುಡಿಯಬೇಡಿ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್ ಅನ್ನು ಹಿಡಿದಿಟ್ಟು, ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಅನಿವಾರ್ಯವಾದರೆ ಆ್ಯಂಟಾಸಿಡ್‌ಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಪೆಪ್ ಮಾತ್ರೆ ನುಂಗಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ ಬೇಕು. ಆದರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಊಟದ ಜೊತೆಯಾದರೆ ಪೆಪ್ ಮಾತ್ರೆಯೊಂದಿಗೆ ಒಟ್ಟಿಗೇ ತೆಗೆದುಕೊಳ್ಳಬಹುದು, ಆ್ಯಂಟಾಸಿಡ್ ಅನ್ನು ಅಲ್ಲ. ಮೈಕೈ ನೋವಿಗೆ ಡೈಕ್ಲೊಫೆನಾಕ್ ನುಂಗುವ ಅಭ್ಯಾಸವಿದೆಯೇ? ಟೆನೊಫೊವಿರ್ ಜೊತೆ ಅದು ಕಿಡ್ನಿಗೆ ಭಾರ. ವೈದ್ಯರನ್ನು ಕೇಳದೆ ಬೇಡ.

ಸಂಕಟವಾಯಿತೆಂದು ನೀವಾಗಿಯೇ ಮಾತ್ರೆ ಬಿಡಬೇಡಿ, ದಯವಿಟ್ಟು. ಔಷಧ ಬದಲಿಸುವ ದಾರಿ ವೈದ್ಯರ ಬಳಿ ಇದೆ. ಒಂದು ದಿನ ಮರೆತರೆ ನೆನಪಾದಾಗ ನುಂಗಿ. ಎರಡು ಒಟ್ಟಿಗೆ ಬೇಡ.

ಮೈಮೇಲೆ ಗುಳ್ಳೆ, ಬಾಯಿಹುಣ್ಣು, ಮುಖ ಊತ, ಉಸಿರಾಟದ ತೊಂದರೆ, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು: ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಓಡಿ. ಕೆಲವು ವಾರಗಳ ನಂತರ ಜ್ವರ, ಗಂಟಲು ನೋವು, ಕುತ್ತಿಗೆ ಅಥವಾ ಕಂಕುಳಲ್ಲಿ ಗಂಟಿನಂಥ ಊತ ಬಂದರೆ ಮಾತ್ರೆಯ ಕಾಟ ಎಂದು ತಳ್ಳಿಹಾಕಬೇಡಿ. ಹೊಸ ಎಚ್‌ಐವಿ ಸೋಂಕಿನ ಲಕ್ಷಣವೂ ಹೀಗೇ ಇರುತ್ತದೆ.

ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ವಿಚಾರಿಸಿ, ಅಥವಾ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಮಾತ್ರೆ ಮುಗಿದ ಮೇಲೂ ವೈದ್ಯರು ಹೇಳಿದ ದಿನಗಳಂದು ರಕ್ತ ಪರೀಕ್ಷೆ ಮಾಡಿಸಿ. ಕೊನೆಯ ವರದಿ ಬರುವವರೆಗೆ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ.