ಮಸ್ಟಂಗ್ ಟ್ರ್ಯಾಕಿಗೆ ಇಳಿಸ್ತೀರಾ? ಪವರ್ ಆಮೇಲೆ, ಮೊದ್ಲು ಬ್ರೇಕ್ ನೋಡ್ಕೊಳ್ಳಿ

ಫೋರ್ಡ್ ಮಸ್ಟಂಗ್ ಜಿಟಿ ತಗೊಂಡೋರು ಪವರ್ ಏರಿಸೋಕೆ ಅಂತ ಮೊದ್ಲು ಎಕ್ಸಾಸ್ಟಿಗೆ ಕೈ ಹಾಕ್ತಾರೆ, ಆಮೇಲೆ ಇಂಟೇಕ್, ಆಮೇಲೆ ಟ್ಯೂನ್. ಸೌಂಡ್ ಸೂಪರ್ ಇರತ್ತೆ, ಇಲ್ಲ ಅನ್ನಲ್ಲ. ಆದ್ರೆ 2018ರ ಅಮೆರಿಕನ್ ಮಾಡೆಲ್ಲಲ್ಲಿ 5.0 ಲೀಟರ್ ವಿ8 ಕಂಪನಿಯಿಂದ್ಲೇ 460 ಹಾರ್ಸ್‌ಪವರ್ ಕೊಡ್ತಿತ್ತು, ಟ್ರ್ಯಾಕಲ್ಲಿ ಮೊದಲ ದಿನ ಅದನ್ನೇ ಪೂರ್ತಿ ಬಳಸೋಕೆ ಯಾರಿಗೂ ಬರಲ್ಲ.

ಗಾಡಿ ತೂಕ ಹೆಚ್ಚುಕಮ್ಮಿ 1,700 ಕೆಜಿ. ಗಂಟೆಗೆ 200 ಕಿಮೀನಲ್ಲಿ ಬಂದು 100ಕ್ಕೆ ಇಳಿಸಿದ್ರೆ ಸ್ಪೀಡ್ ಇಳಿದಿದ್ದು ಅರ್ಧ ಅಷ್ಟೇ, ಆದ್ರೆ ಗಾಡಿಯ ಚಲನಶಕ್ತಿಯಲ್ಲಿ ಮುಕ್ಕಾಲು ಪಾಲು ಹೋಗಿರತ್ತೆ, ಅದ್ರಲ್ಲಿ ಬಹುಪಾಲು ಬಿಸಿಯಾಗಿ ಡಿಸ್ಕಿಗೇ ಇಳಿಯೋದು. ಒಂದೊಂದು ಲ್ಯಾಪಲ್ಲಿ ಹೀಗೆ ಮೂರ್ನಾಲ್ಕು ಸಲ.

ಅದಕ್ಕೇ ಮೊದಲ ಖರ್ಚು ಬ್ರೇಕ್ ಫ್ಲೂಯಿಡ್, ಅಂದ್ರೆ ಪೆಡಲ್ ಒತ್ತಿದ್ದನ್ನ ಚಕ್ರದ ಬ್ರೇಕಿಗೆ ಮುಟ್ಟಿಸೋ ದ್ರವ. ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ತಾ ಹೋಗತ್ತೆ, ಹೀರಿದಷ್ಟೂ ಬೇಗ ಕುದಿಯತ್ತೆ, ಕುದ್ರೆ ಗುಳ್ಳೆ ಎದ್ದು ಪೆಡಲ್ ಒತ್ತಿದ್ರೂ ಬ್ರೇಕ್ ಹಿಡಿಯಲ್ಲ. ಡಾಟ್ 4 ಅನ್ನೋ ಫ್ಲೂಯಿಡ್ ಸ್ಟ್ಯಾಂಡರ್ಡ್ ಪ್ರಕಾರ ಹೊಸದು ಕುದಿಯದೆ ಕನಿಷ್ಠ 230 ಡಿಗ್ರಿ ತಡೀಬೇಕು, ತೇವ ಹಿಡಿದಿದ್ದು 155 ತಡೆದ್ರೂ ಪಾಸು. ರೇಸಿಂಗ್ ಫ್ಲೂಯಿಡ್ ಹೊಸದಿದ್ದಾಗ 300 ದಾಟತ್ತೆ. ನಾನು ಹಳೇ ಫ್ಲೂಯಿಡಲ್ಲೇ ಹೋಗಿದ್ದೆ, ಎರಡನೇ ಲ್ಯಾಪಲ್ಲಿ ಪೆಡಲ್ ಒಂದು ಬೆರಳಷ್ಟು ಜಾಸ್ತಿ ಒಳಗೆ ಹೋಯ್ತು, ಕಾಲಿನ ಶೂ ಸರಿ ಕೂತಿಲ್ಲ ಅನ್ಕೊಂಡೆ, ಮೂರನೇ ಲ್ಯಾಪಲ್ಲಿ ಅದೇ ತಿರುವಿಗೆ ಒತ್ತಿದ್ರೆ ಪೆಡಲ್ ಸೀದಾ ನೆಲಕ್ಕೆ! ಎರಡು ಸಲ ಪಂಪ್ ಮಾಡಿದ್ಮೇಲೆ ಸ್ವಲ್ಪ ಹಿಡೀತು, ಅಷ್ಟರಲ್ಲಿ ನಾನು ಹುಲ್ಲಲ್ಲಿದ್ದೆ. ಆ ಒಂದು ಬೆರಳಿನ ವ್ಯತ್ಯಾಸ ಕಂಡ ತಕ್ಷಣ ಪಿಟ್ಟಿಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸೋ ಜಾಗ) ಬಂದ್ಬಿಡಿ.

ಫ್ಲೂಯಿಡ್ ಜೊತೆ ಟ್ರ್ಯಾಕಿಗೆ ಅಂತಲೇ ಬರೋ ಬ್ರೇಕ್ ಪ್ಯಾಡ್ ಹಾಕ್ಸಿ. ರೋಡಲ್ಲಿ ಕಿರುಚ್ತವೆ, ತಣ್ಣಗಿದ್ದಾಗ ಅಷ್ಟಾಗಿ ಹಿಡಿಯಲ್ಲ, ಅದನ್ನ ಸಹಿಸ್ಕೊಳ್ಳಿ.

ಆಮೇಲೆ ಟೈರ್. ಮುಂದಿನ ಟೈರಿನ ಹೊರ ಅಂಚು ಮಾತ್ರ ಸವೆದು ಒಳಗಡೆ ಹೊಸದರಂತಿದ್ರೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರೋ ಕೋನ) ಸಾಲ್ತಿಲ್ಲ ಅಂತ ಅರ್ಥ, ಆ ಕೋನ ಬದಲಾಯಿಸೋ ಕ್ಯಾಂಬರ್ ಪ್ಲೇಟ್ ಹಾಕಿ ಮೈನಸ್ 2 ಡಿಗ್ರಿ ಆಸುಪಾಸಿಗೆ ತಗೊಂಡ್ಬಂದ್ರೆ ತಿರುವಲ್ಲಿ ಗಾಡಿ ಮೂತಿ ತಾನಾಗೇ ಒಳಗೆ ತಿರುಗತ್ತೆ. ನನ್ನ ಕೇಳಿದ್ರೆ ಪವರ್ ಏರಿಸೋ ಸೂಪರ್‌ಚಾರ್ಜರಿಗಿಂತ ಇದೇ ಜಾಸ್ತಿ ಖುಷಿ ಕೊಡೋದು. ಟೈರ್ ಪ್ರೆಷರ್ ಪಿಟ್ಟಿಗೆ ಬಂದ ಕೂಡ್ಲೇ, ಬಿಸಿ ಇರುವಾಗ್ಲೇ ಚೆಕ್ ಮಾಡಿ. ವೀಲ್ ನಟ್ಟನ್ನ ಎಷ್ಟು ಬಿಗೀತು ಅಂತ ಅಳೆಯೋ ಟಾರ್ಕ್ ರೆಂಚಲ್ಲೇ ಬಿಗೀಬೇಕು, 2015ರಿಂದ ಬಂದ ಮಸ್ಟಂಗಿಗೆ 204 ನ್ಯೂಟನ್ ಮೀಟರ್.

ಓಡಿಸುವಾಗ ಬ್ರೇಕೆಲ್ಲಾ ನೇರ ದಾರಿಯಲ್ಲೇ ಮುಗಿಸಿ, ಸ್ಟೀರಿಂಗ್ ಬಿಚ್ಚುತ್ತಾ ಬಂದಷ್ಟೇ ಆಕ್ಸಿಲರೇಟರ್ ಒತ್ತಿ. ತಿರುವಿನ ಮಧ್ಯ ಭಯ ಆಯ್ತು ಅಂತ ಗಬಕ್ಕನೆ ಕಾಲು ತೆಗೀಬೇಡಿ, ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಟೈರ್ ಹಗುರಾಗಿ ಗಾಡಿ ಗಿರ್ರನೆ ತಿರುಗಿಬಿಡತ್ತೆ. ಗಾಡಿ ಜಾರಿದ್ರೆ ತಾನಾಗೇ ಹಿಡಿಯೋ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡೋ ಶೋಕಿ ಸದ್ಯಕ್ಕೆ ಬೇಡ.

ಕೊನೇ ಲ್ಯಾಪ್ ಬ್ರೇಕ್ ಮುಟ್ಟದ ಹಾಗೆ ನಿಧಾನಕ್ಕೆ ಬನ್ನಿ. ನಿಲ್ಲಿಸಿದ್ಮೇಲೆ ಹ್ಯಾಂಡ್‌ಬ್ರೇಕ್ ಹಾಕ್ಬೇಡಿ, ಬಿಸಿ ಡಿಸ್ಕಿಗೆ ಪ್ಯಾಡ್ ಅಂಟ್ಕೋಬಹುದು, ಗೇರಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಏನಾದ್ರೂ ಕೊಡಿ. ಗಾಡಿ ತಣ್ಣಗಾದ್ಮೇಲೆ ನಟ್ ಇನ್ನೊಂದ್ಸಲ ಬಿಗಿದು, ಆಯಿಲ್ ಲೆವೆಲ್, ಪ್ಯಾಡ್ ದಪ್ಪ ಎರಡೂ ನೋಡ್ಕೊಳ್ಳಿ, ಮನೆಗೆ ಹೋಗೋದೂ ಅದೇ ಗಾಡಿಯಲ್ಲಿ ತಾನೇ.