ಮೊಳೆ ಜೋಡಿಸಿದ್ದಕ್ಕಿಂತ ಬಿಡಿಸಿದ್ದೇ ಜಾಸ್ತಿ: ಕಂಪೋಸಿಟರ್ ಆಗಿದ್ದಾಗಿನ ನನ್ನ ಅನುಭವ

ನಾನು ಪ್ರೆಸ್ಸಿಗೆ ಸೇರಿದ್ದು 1979ರಲ್ಲಿ, ಆಗ ನಂಗೆ 17 ವರ್ಷ. ಕೆಲಸದ ಹೆಸರು ಕಂಪೋಸಿಟರ್ ಅಂತ, ಅಂದ್ರೆ ಅಕ್ಷರದ ಮೊಳೆಗಳನ್ನ ಕೈಯಲ್ಲಿ ಜೋಡಿಸಿ ಅಚ್ಚಿಗೆ ಪುಟ ಮಾಡೋನು, ಆದ್ರೆ ಮೊದಲ ಆರು ತಿಂಗಳು ಒಂದೇ ಒಂದು ಸಾಲು ಜೋಡಿಸೋಕೂ ಬಿಡಲಿಲ್ಲ. ಅಚ್ಚಾಗಿ ಮುಗಿದ ಪುಟಗಳನ್ನ ಬಿಡಿಸಿ ಒಂದೊಂದು ಮೊಳೆಯನ್ನೂ ಟ್ರೇಯಲ್ಲಿ ಅದರದ್ದೇ ಮನೆಗೆ ವಾಪಸ್ ಹಾಕು ಅಂದ್ರು, ಅದಕ್ಕೆ ಡಿಸ್ಟ್ರಿಬ್ಯೂಷನ್ ಅಂತಿದ್ವಿ. ನಮ್ಮ ಫೋರ್ಮನ್ನರು ಮೊದಲ ದಿನಾನೇ ಹೇಳಿದ್ದು, "ಬಿಡಿಸೋದು ಕಲೀದೆ ಜೋಡಿಸೋಕೆ ಬರಲ್ಲ ಕಣೋ, ಕೈಗೆ ಮನೆ ಗೊತ್ತಾಗಬೇಕು" ಅಂತ. ಆಗ ಸಿಟ್ಟು ಬಂದಿತ್ತು, ಇದೇನು ಪಾತ್ರೆ ತೊಳೆದ ಹಾಗೆ ಅಂತ. ಈಗ ಯಾರಾದ್ರೂ ಆ ಕೆಲಸದ ಬಗ್ಗೆ ಕೇಳಿದ್ರೆ ನಾನು ಶುರು ಮಾಡೋದೇ ಅಲ್ಲಿಂದ.

ಗೊತ್ತಿಲ್ಲದವರಿಗೆ ಹೇಳ್ಬಿಡ್ತೀನಿ. ಮೊಳೆ ಅಂದ್ರೆ ಸೀಸದ ಸಣ್ಣ ಕಡ್ಡಿ, ಅದರ ತಲೆ ಮೇಲೆ ಒಂದು ಅಕ್ಷರ ಉಲ್ಟಾ ಇರುತ್ತೆ, ಕನ್ನಡಿಯಲ್ಲಿ ಕಂಡ ಹಾಗೆ. ಬರೀ ಸೀಸ ಮೆತ್ತಗಾಗುತ್ತೆ ಅಂತ ಆಂಟಿಮನಿ, ತವರ ಸೇರಿಸಿ ಎರಕ ಹೊಯ್ದಿರ್ತಾರೆ. ಎತ್ತರ 0.918 ಇಂಚು, ಅಷ್ಟೂ ಮೊಳೆ ಒಂದೇ ಎತ್ತರ ಇರಲೇಬೇಕು, ಕೂದಲೆಳೆಯಷ್ಟು ಗಿಡ್ಡ ಆದ್ರೂ ಆ ಅಕ್ಷರ ಕಾಗದದ ಮೇಲೆ ಮಾಸಲಾಗಿ ಕಾಣುತ್ತೆ. ಈ ಮೊಳೆಗಳನ್ನ ಇಡೋ ಮರದ ಟ್ರೇಗೆ ಕೇಸ್ ಅಂತೀವಿ, ಅದರ ತುಂಬ ಸಣ್ಣ ಸಣ್ಣ ಮನೆಗಳು. ಇಂಗ್ಲಿಷಿಗೆ ಎರಡು ಕೇಸಲ್ಲಿ ಕೆಲಸ ಆಗ್ತಿತ್ತು, ಮೇಲಿನದ್ದು ಕೆಳಗಿನದ್ದು ಅಂತ, ಅಪ್ಪರ್ ಕೇಸ್ ಲೋವರ್ ಕೇಸ್ ಅಂತ ಈಗಲೂ ಕಂಪ್ಯೂಟರಲ್ಲಿ ಹೇಳ್ತೀರಲ್ಲ, ಆ ಮಾತು ಬಂದಿದ್ದೇ ಇಲ್ಲಿಂದ. ಕನ್ನಡಕ್ಕೆ ಅದು ಸಾಲಲ್ಲ. ನಮ್ಮಲ್ಲಿ ನಾಲ್ಕು ಕೇಸ್ ಇತ್ತು. ಕ ಬೇರೆ, ಕಿ ಬೇರೆ, ಕೆ ಬೇರೆ, ಅದರ ಮೇಲೆ ಒತ್ತಕ್ಷರಗಳು ಬೇರೆ, ದೀರ್ಘ ಬೇರೆ. ನ, ದ, ರ, ತ ಇಂಥವು ಕೈಗೆ ಹತ್ತಿರ, ದೊಡ್ಡ ಮನೆಗಳಲ್ಲಿ. ಙ, ಞ, ಋ ಎಲ್ಲ ಮೂಲೆಗೆ, ವರ್ಷಕ್ಕೆ ಒಂದ್ಸಲ ಧೂಳು ಹೊಡೆದಾಗ ನೋಡೋ ಹಾಗೆ.

ಬಿಡಿಸೋದು ಹೇಗೆ ಅಂದ್ರೆ, ಮೊದಲು ಸೀಮೆಎಣ್ಣೆ ಹಾಕಿ ಬ್ರಶ್ಶಲ್ಲಿ ಇಂಕು ತೊಳೀಬೇಕು, ಆಮೇಲೆ ಸ್ವಲ್ಪ ನೀರು ಚಿಮುಕಿಸಿದ್ರೆ ಮೊಳೆಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತೆ. ನಾಲ್ಕೈದು ಸಾಲು ಎತ್ತಿ ಎಡಗೈಯಲ್ಲಿ ಹಿಡ್ಕೊಂಡು, ಬಲಗೈಯಲ್ಲಿ ಒಂದೊಂದು ಪದ ತಗೊಂಡು ಓದ್ಕೊಂಡು ಅಕ್ಷರ ಅಕ್ಷರವಾಗಿ ಮನೆಗೆ ಬೀಳಿಸೋದು. ಓದೋದು ಉಲ್ಟಾ ಅಕ್ಷರ. ಇಲ್ಲೇ ನಾನು ಒದ್ದಾಡಿದ್ದು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಇವುಗಳ ವ್ಯತ್ಯಾಸ ಒಂದು ಹೊಟ್ಟೆ ಸೀಳು ಅಷ್ಟೇ, 10 ಪಾಯಿಂಟ್ (ಪಾಯಿಂಟ್ ಅಂದ್ರೆ ಅಕ್ಷರದ ಅಳತೆ) ಮೊಳೆಯಲ್ಲಿ ಅದು ಸೂಜಿ ಮೊನೆಯಷ್ಟಿರುತ್ತೆ, ಹಳೇ ಮೊಳೆ ಆದ್ರೆ ಆ ಸೀಳು ಸವೆದೇ ಹೋಗಿರುತ್ತೆ. ನಾನು ಒಂದು ಧ ತಗೊಂಡು ದ ಮನೆಗೆ ಹಾಕಿದೆ ಅಂದ್ಕೊಳಿ. ನಾಳೆ ಜೋಡಿಸೋವನು ಮನೆ ನೋಡಿ ಎತ್ಕೋತಾನೆ, ಅಕ್ಷರ ನೋಡಲ್ಲ, ಅವನ ಕೈ ಓಡ್ತಿರುತ್ತೆ. ಪ್ರೂಫಲ್ಲಿ, ಅಂದ್ರೆ ತಪ್ಪು ನೋಡೋಕೆ ಮೊದಲು ತೆಗೆಯೋ ಪ್ರತಿಯಲ್ಲಿ, ದಾರಿ ಹೋಗಿ ಧಾರಿ ಆಗಿರುತ್ತೆ. ಬೈಗುಳ ಅವನಿಗೆ, ತಪ್ಪು ನಂದು. ಹಾಗಾಗಿ ಮುದ್ರಾರಾಕ್ಷಸ ಅಂತ ಎಲ್ರೂ ಹೇಳೋ ತಪ್ಪುಗಳಲ್ಲಿ ಎಷ್ಟೋ ಹುಟ್ಟಿದ್ದು ಹಿಂದಿನ ವಾರ ಬಿಡಿಸಿದವನ ಕೈಯಲ್ಲಿ, ಇದು ಹೊರಗಿನವರಿಗೆ ಗೊತ್ತೇ ಆಗ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಸ್ಟಿಕ್ ಕೊಟ್ರು. ಸ್ಟಿಕ್ ಅಂದ್ರೆ ಎಡಗೈಯಲ್ಲಿ ಹಿಡಿಯೋ ಲೋಹದ ಚಿಕ್ಕ ತಟ್ಟೆ, ಮೂರು ಕಡೆ ಅಂಚು, ಸಾಲಿನ ಅಗಲಕ್ಕೆ ತಕ್ಕ ಹಾಗೆ ಟೈಟ್ ಮಾಡೋಕೆ ಒಂದು ಸ್ಕ್ರೂ. ಮೊಳೆಗಳನ್ನ ಎಡದಿಂದ ಬಲಕ್ಕೇ ಜೋಡಿಸೋದು, ಆದ್ರೆ ತಲೆಕೆಳಗಾಗಿ. ಮೊಳೆಯ ಮೈಮೇಲೆ ಒಂದು ಗೀರು ಇರುತ್ತೆ, ನಿಕ್ ಅಂತೀವಿ, ಅದು ಯಾವಾಗ್ಲೂ ಒಂದೇ ಕಡೆ ಬಂದ್ರೆ ಅಕ್ಷರ ಸರಿಯಾಗಿದೆ ಅಂತ ಅರ್ಥ, ನೋಡೋದೇ ಬೇಡ, ಹೆಬ್ಬೆಟ್ಟು ಸವರಿದ್ರೆ ಗೊತ್ತಾಗುತ್ತೆ. ಕೊನೇ ಮೊಳೆ ಮೇಲೆ ಹೆಬ್ಬೆಟ್ಟು ಇಟ್ಟೇ ಇರಬೇಕು, ತೆಗೆದ್ರೆ ಸಾಲು ಬೀಳುತ್ತೆ. ನನ್ನ ಎಡ ಹೆಬ್ಬೆಟ್ಟಿನ ತುದಿ ಈಗಲೂ ಸ್ವಲ್ಪ ಚಪ್ಪಟೆ.

ಕನ್ನಡದ ಜೋಡಣೆಯಲ್ಲಿ ಕಷ್ಟ ಅಂದ್ರೆ ಒತ್ತು. ಮೂಲ ಅಕ್ಷರ ಒಂದು ಮೊಳೆ, ಒತ್ತು ಇನ್ನೊಂದು ಮೊಳೆ, ಅದು ಪಕ್ಕದಲ್ಲಿ ಸ್ವಲ್ಪ ಕೆಳಗೆ ಕೂರುತ್ತೆ. ಸಾಲು ತುಂಬಿ ಬಂತು ಅಂತ ಮೂಲ ಅಕ್ಷರ ಈ ಸಾಲಲ್ಲಿ ಬಿಟ್ಟು ಒತ್ತನ್ನ ಮುಂದಿನ ಸಾಲಿಗೆ ತಳ್ಳೋ ಹಾಗಿಲ್ಲ, ಹೊಸಬರು ಮಾಡ್ತಿದ್ದ ಮೊದಲ ತಪ್ಪೇ ಅದು. ಅರ್ಕಾವೊತ್ತು ಇನ್ನೊಂದು ಥರ, ಬಾಯಲ್ಲಿ ರ್ ಮೊದಲು ಬರುತ್ತೆ ಕೈಯಲ್ಲಿ ಆಮೇಲೆ ಬರಬೇಕು. ಸೂರ್ಯ ಅಂದ್ರೆ ಸೂ, ಯ, ಆಮೇಲೆ ಅರ್ಕಾವೊತ್ತು. ಅದಾದ ಮೇಲೆ ಜಸ್ಟಿಫೈ ಮಾಡೋದು, ಪದಗಳ ಮಧ್ಯೆ ಇಟ್ಟಿರೋ ಸ್ಪೇಸನ್ನ (ಅಕ್ಷರ ಇಲ್ಲದ ಗಿಡ್ಡ ಮೊಳೆ) ತೆಗೆದು ದಪ್ಪದ್ದೋ ತೆಳ್ಳಗಿನದ್ದೋ ಹಾಕಿ ಸಾಲು ಗಟ್ಟಿ ಮಾಡೋದು. ಎಷ್ಟು ಗಟ್ಟಿ ಅಂದ್ರೆ ಸ್ಟಿಕ್ ಸ್ವಲ್ಪ ವಾಲಿಸಿದ್ರೂ ಸಾಲು ತಾನೇ ನಿಲ್ಲಬೇಕು, ಆದ್ರೆ ಬೆರಳಲ್ಲಿ ತಳ್ಳಿದ್ರೆ ಜಾರಬೇಕು. ಇದನ್ನ ಬಾಯಲ್ಲಿ ಹೇಳಿ ಕಲಿಸೋಕಾಗಲ್ಲ. ಫೋರ್ಮನ್ನರು ನನ್ನ ಸಾಲನ್ನ ಉಗುರಲ್ಲಿ ತಟ್ಟಿ ಶಬ್ದ ಕೇಳಿ ಹೇಳೋರು, ಲೂಸಾಗಿದೆ ಅಂತ. 30 ಸಾಲಿನ ಒಂದು ಪುಟಕ್ಕೆ ನಂಗೆ ಕೈ ಕೂತ ಮೇಲೂ ಎರಡು ಗಂಟೆ ಹಿಡೀತಿತ್ತು.

ಮೊಳೆ ಎಷ್ಟಿದ್ರೂ ಸಾಲ್ತಿರಲಿಲ್ಲ, ಇದು ಈಗಿನವರಿಗೆ ಅರ್ಥ ಆಗೋದು ಕಷ್ಟ. ಒಂದು ಪುಸ್ತಕಕ್ಕೆ ಆಗೋವಷ್ಟು ಮೊಳೆ ಸಣ್ಣ ಪ್ರೆಸ್ಸಲ್ಲಿ ಇರಲ್ಲ. 8 ಪುಟ ಜೋಡಿಸು, ಪ್ರೂಫ್ ತೆಗಿ, ತಿದ್ದು, ಅಚ್ಚು ಹಾಕು, ಬಿಡಿಸು, ಅದೇ ಮೊಳೆಯಲ್ಲಿ ಮುಂದಿನ 8 ಪುಟ. ಕಥೆಯಲ್ಲಿ "ಅಲ್ಲಿ ಇಲ್ಲಿ ಎಲ್ಲಿ" ಜಾಸ್ತಿ ಬಂದ್ರೆ ಲಕಾರದ ಒತ್ತು ಖಾಲಿ. ಆಗ ಅಷ್ಟೇ ಅಗಲದ ಬೇರೆ ಯಾವುದೋ ಮೊಳೆಯನ್ನ ಅಕ್ಷರ ಕೆಳಗೆ ಬುಡ ಮೇಲೆ ಮಾಡಿ ಜಾಗ ಹಿಡಿಸಿ ಮುಂದೆ ಹೋಗ್ತಿದ್ವಿ, ಪ್ರೂಫಲ್ಲಿ ಅಲ್ಲಿ ಕಪ್ಪು ಚೌಕ ಬರ್ತಿತ್ತು, ಆಮೇಲೆ ಬೇರೆ ಪುಟ ಬಿಡಿಸಿದಾಗ ಸಿಕ್ಕ ಮೊಳೆ ತಂದು ಚಿಮಟದಲ್ಲಿ ಬದಲಾಯಿಸೋದು. ಹೀಗೆ ಬಿಡಿಸಿ ಆದ ಮೇಲೆ ಆ ಪುಟ ಮತ್ತೆ ಇಲ್ಲ. ಎರಡನೇ ಮುದ್ರಣ ಬೇಕು ಅಂದ್ರೆ ಮೊದಲ ಅಕ್ಷರದಿಂದ ಮತ್ತೆ ಜೋಡಿಸಬೇಕು, ಹೊಸ ತಪ್ಪುಗಳ ಜೊತೆಗೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಂದ ಬಂದ ಕಿಟ್ಟೆಲರ ನಿಘಂಟನ್ನ ನೋಡಿದಾಗೆಲ್ಲ ನಂಗೆ ಬರೋ ಯೋಚನೆ ಒಂದೇ, ಸುಮಾರು 70,000 ಪದ, ಕನ್ನಡ ಇಂಗ್ಲಿಷ್ ಎರಡೂ ಮೊಳೆ ಕಲೆತಿರೋ ಸಾಲುಗಳು, ಅಷ್ಟನ್ನೂ ಯಾರೋ ಜೋಡಿಸಿದ್ರು, ಆಮೇಲೆ ಯಾರೋ ಕೂತು ಬಿಡಿಸಿದ್ರು. ಕಿಟ್ಟೆಲರ ಹೆಸರು ಉಳೀತು, ಉಳೀಲೇಬೇಕು. ಆ ಕೈಗಳ ಹೆಸರು ಎಲ್ಲೂ ಅಚ್ಚಾಗಲಿಲ್ಲ, ಅದು ನಂಗೆ ನೋವು.

ಒಂದ್ಸಲ ನನ್ನ ಕೈಯಿಂದ ಪುಟ ಬಿತ್ತು. ಒಂದು ಪುಟದ ಮೊಳೆ ಅಂದ್ರೆ ನಾಲ್ಕು ಕೆಜಿ ಹತ್ರ ಭಾರ, ದಾರ ಸುತ್ತಿ ಕಟ್ಟಿ ಗ್ಯಾಲಿ ಅನ್ನೋ ತಟ್ಟೆ ಮೇಲೆ ಇಟ್ಕೊಂಡು ಹೋಗೋದು. ದಾರದ ಕೊನೆಯನ್ನ ನಾನು ಸರಿಯಾಗಿ ಸಿಕ್ಕಿಸಿರಲಿಲ್ಲ. ಬಾಗಿಲ ಹತ್ರ ಗ್ಯಾಲಿ ವಾಲಿತು, ದಾರ ಸಡಿಲ ಆಯ್ತು, ನಡುವಿನ ಎರಡು ಸಾಲು ಮೊದಲು ಬಗ್ಗಿತು, ಅದನ್ನ ಹಿಡಿಯೋಕೆ ಹೋದೆ, ಅಷ್ಟರಲ್ಲಿ ಪೂರ್ತಿ ಪುಟ ನೆಲದ ಮೇಲೆ. ಇದಕ್ಕೆ ಪೈ ಆಯ್ತು ಅಂತಾರೆ. ಯಾರೂ ಬೈಲಿಲ್ಲ, ಎಲ್ರೂ ಕೆಲಸ ನಿಲ್ಲಿಸಿ ಸುಮ್ಮನೆ ನೋಡಿದ್ರು, ಅದು ಬೈಗುಳಕ್ಕಿಂತ ಕಷ್ಟ ಆಯ್ತು. ಸಾವಿರದಷ್ಟು ಮೊಳೆ ಆರಿಸೋಕೆ, ಬಿಡಿಸೋಕೆ ಅವತ್ತು ಪೂರ್ತಿ ಹೋಯ್ತು, ಯಾಕಂದ್ರೆ ಈಗ ಓದ್ಕೊಂಡು ಬಿಡಿಸೋಕೆ ಪದಗಳೇ ಇಲ್ಲ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಫೋರ್ಮನ್ನರು ಸಂಜೆ ಪಕ್ಕದಲ್ಲಿ ಬಂದು ಕೂತು ತಾವೂ ಆರಿಸೋಕೆ ಶುರು ಮಾಡಿದ್ರು. ನಾನು "ಬೇಡ ಸಾರ್, ನಾನೇ ಮಾಡ್ತೀನಿ" ಅಂದೆ. "ಮಾಡು, ನಾನೂ ಮಾಡ್ತೀನಿ" ಅಂದ್ರು ಅಷ್ಟೇ. ದಾರದ ಗಂಟು ನಾನು ಮತ್ತೆ ಯಾವತ್ತೂ ತಪ್ಪಿಸಲಿಲ್ಲ.

ಮಾಯ ಆದ ವೃತ್ತಿಗಳು ಅಂತ ಪಟ್ಟಿ ಮಾಡೋರು ಗ್ಯಾಸ್ ದೀಪ ಹಚ್ಚೋರು, ಟೆಲಿಫೋನ್ ಎಕ್ಸ್‌ಚೇಂಜಲ್ಲಿ ವೈರ್ ಚುಚ್ಚಿ ಕಾಲ್ ಜೋಡಿಸ್ತಿದ್ದೋರು, ಟೆಲಿಗ್ರಾಫಿನವರು ಅಂತೆಲ್ಲ ಹೇಳ್ತಾರೆ. ಟೆಲಿಗ್ರಾಂ ನಮ್ಮ ದೇಶದಲ್ಲಿ 2013ರ ಜುಲೈನಲ್ಲಿ ನಿಂತಾಗ ಜನ ಕ್ಯೂ ನಿಂತು ಕೊನೇ ತಂತಿ ಕಳಿಸಿದ್ರು, ಪೇಪರಲ್ಲಿ ಬಂತು. ನಮ್ಮ ಕೆಲಸಕ್ಕೆ ಹಾಗೆ ಒಂದು ಕೊನೇ ದಿನ ಅಂತ ಇರಲಿಲ್ಲ. ಮೊದಲು ಆಫ್‌ಸೆಟ್ ಬಂತು, ಅಂದ್ರೆ ಮೊಳೆಯ ಬದಲು ಪ್ಲೇಟಿಂದ ಅಚ್ಚು ಹಾಕೋದು, ಆಗಲೂ ನಾವು ಜೋಡಿಸಿದ ಪುಟದಿಂದಲೇ ಒಂದು ಚೊಕ್ಕ ಪ್ರೂಫ್ ತೆಗೆದು ಅದನ್ನ ಕ್ಯಾಮೆರಾದಲ್ಲಿ ಫೋಟೋ ತೆಗೆದು ಪ್ಲೇಟ್ ಮಾಡ್ತಿದ್ರು, ಸರಿ ಇನ್ನೇನು ಭಯ ಇಲ್ಲ ಅಂದ್ಕೊಂಡ್ವಿ. ಆಮೇಲೆ ಡಿಟಿಪಿ ಬಂತು, ಅಂದ್ರೆ ಕಂಪ್ಯೂಟರಲ್ಲೇ ಪುಟ ಜೋಡಿಸೋದು. ಒಂದು ದೊಡ್ಡ ಕೇಸ್ ರ‍್ಯಾಕ್ ಹೊರಗೆ ಹೋಗಿ ಆ ಜಾಗಕ್ಕೆ ಒಂದು ಮೇಜು, ಒಂದು ಕಂಪ್ಯೂಟರ್. ಆರು ಜನರಲ್ಲಿ ಇಬ್ಬರು ಉಳಿದ್ವಿ, ಆಮೇಲೆ ನಾನೊಬ್ನೇ.

ಕಂಪ್ಯೂಟರ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಸೀಸದ ಜೊತೆ ಹತ್ತಾರು ವರ್ಷ ಕೂರೋದು ಮೈಗೆ ಒಳ್ಳೇದಲ್ಲ, ಕತ್ತಲೆ ಕೋಣೆಯಲ್ಲಿ 10 ಪಾಯಿಂಟ್ ಮೊಳೆ ನೋಡಿ ನೋಡಿ ಕಣ್ಣು ಕಳ್ಕೊಂಡೋರನ್ನ ನೋಡಿದ್ದೀನಿ. ನನ್ನ ಬೇಜಾರು ಬೇರೆ. 50 ದಾಟಿದ್ದ ನಮ್ಮ ಫೋರ್ಮನ್ನರಿಗೆ ಕೀಬೋರ್ಡ್ ಕಲಿಸ್ತೀವಿ ಅಂತ ಯಾರೂ ಕೇಳಲಿಲ್ಲ. ಪುಟ ನೋಡಿದ ಕೂಡಲೇ ಇದರಲ್ಲಿ ಸಾಲಿನ ಅಂತರ ಸಾಲದು, ಓದೋಕೆ ಕಣ್ಣು ನೋಯುತ್ತೆ ಅಂತ ಹೇಳ್ತಿದ್ದ ಮನುಷ್ಯ ಅವರು, ಆ ಕಣ್ಣು ಡಿಟಿಪಿಗೂ ಬೇಕಿತ್ತು. ಶುರುವಿನ ಡಿಟಿಪಿ ಪುಸ್ತಕಗಳನ್ನ ತೆಗೆದು ನೋಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನ ತಾಗ್ತಿರುತ್ತೆ.

ನಾನು ಕಲಿತೆ, 30 ದಾಟಿದ ಮೇಲೆ. ತುಂಬ ದಿನ ಕಾಡಿದ್ದು ಅರ್ಕಾವೊತ್ತೇ. ಕಂಪ್ಯೂಟರಲ್ಲಿ ಬಾಯಿಗೆ ಬಂದ ಹಾಗೆ ರ್ ಮೊದಲು ಒತ್ತಬೇಕು ಅಂದ್ರು, ನನ್ನ ಕೈ ಯ ಮೊದಲು ಒತ್ತುತ್ತಿತ್ತು, ಸೂರ್ಯ ಹೋಗಿ ಸೂಯ್ರ ಆಗ್ತಿತ್ತು.

1993ರಲ್ಲಿ ಉಳಿದ ಮೊಳೆಗಳನ್ನ ತೂಕಕ್ಕೆ ಹಾಕಿದ್ರು, ಕರಗಿಸೋಕೆ. ಮೇಜಿನ ಮೇಲೆ ಯಾವುದೋ ಲೆಟರ್‌ಹೆಡ್ಡಿನ ಮ್ಯಾಟರ್, ಅಂದ್ರೆ ಜೋಡಿಸಿದ ಮೊಳೆ, ಕಟ್ಟಿಟ್ಟಿತ್ತು, ನಾನು ಅಭ್ಯಾಸಬಲದಿಂದ ದಾರ ಬಿಚ್ಚಿ ಬಿಡಿಸೋಕೆ ಶುರು ಮಾಡ್ದೆ. ಚೀಲ ಹಿಡ್ಕೊಂಡಿದ್ದ ಹುಡುಗ "ಅಣ್ಣ, ಹಾಗೇ ಸುರೀರಿ, ಹೊತ್ತಾಗುತ್ತೆ" ಅಂದ. ಸುರಿದೆ.

ನಿಮ್ಮಲ್ಲಿ ಯಾರ ಮನೆಯಲ್ಲಾದ್ರೂ ಹಳೇ ಮೊಳೆಗಳಿದ್ರೆ ದಯವಿಟ್ಟು ಕರಗಿಸೋಕೆ ಕೊಡಬೇಡಿ, ಕೈಯಲ್ಲಿ ಅಚ್ಚು ಹಾಕೋ ಕಲಾವಿದರು, ವಿನ್ಯಾಸ ಕಲಿಯೋ ಮಕ್ಕಳು ಹುಡುಕ್ತಾ ಇರ್ತಾರೆ. ಮೇಲೆ ಬಿಳಿ ಪುಡಿ ಕಟ್ಟಿದ್ರೆ ಬಾಯಲ್ಲಿ ಊದಬೇಡಿ, ಒಣ ಬ್ರಶ್ಶಲ್ಲಿ ಉಜ್ಜಲೂ ಬೇಡಿ, ಅದು ಸೀಸದ ತುಕ್ಕು, ವಿಷ. ಅಂಥದ್ದನ್ನ ಬೇರೆ ಡಬ್ಬಿಗೆ ಹಾಕಿ ಮುಚ್ಚಿಡಿ. ಬರೀ ಇಂಕು ಒಣಗಿದ್ರೆ ಸೀಮೆಎಣ್ಣೆ ಹಾಕಿ ತೊಳೆದು ಚೆನ್ನಾಗಿ ಒಣಗಿಸಿ, ಒದ್ದೆ ಜಾಗದಲ್ಲಿ ಇಡಬೇಡಿ, ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳ್ಕೊಳಿ. ಎಲ್ಲ ಕಲೆತು ಹೋಗಿದ್ರೆ ಒಂದೇ ಸಲಕ್ಕೆ ಆರಿಸೋಕೆ ಕೂರಬೇಡಿ. ಮೊದಲು ಪಾಯಿಂಟ್ ಪ್ರಕಾರ ದಪ್ಪ ನೋಡಿ ಬೇರೆ ಮಾಡಿ, ಆಮೇಲೆ ನಿಕ್ ಎಲ್ಲಿದೆ ನೋಡಿ, ಒಂದೇ ಸೆಟ್ಟಿನ ಮೊಳೆಗಳಿಗೆ ಗೀರು ಒಂದೇ ಜಾಗದಲ್ಲಿರುತ್ತೆ. ಅಕ್ಷರ ಕೊನೆಗೆ ನೋಡಿ.